ಬಿಳಿ ಬೀರುವಿನ ಕಾಡು

ಗುಲಾಬಕ್ಕ ಅಂತ ಅವಳಿಗೆ ಹೆಸರು ಬಿದ್ದದ್ದು ತಗಡಿನ ಟ್ರಂಕು ಮಾಡುವ ಕಾರ್ಖಾನೆಯಲ್ಲಿ. ಟ್ರಂಕಿನ ಮುಚ್ಚಳದ ಮೇಲೆ ಎರಡು ಗುಲಾಬಿ, ಒಂದು ಮೊಗ್ಗು, ನಾಲ್ಕು ಎಲೆ. ಮೂವತ್ತೊಂದು ವರ್ಷ ಅವಳು ಬರೆದದ್ದು ಇಷ್ಟೇ. ಬೆಳಿಗ್ಗೆ ಎಂಟಕ್ಕೆ ಕೂತರೆ ಸಂಜೆ ಏಳುವಷ್ಟರಲ್ಲಿ ಎಪ್ಪತ್ತು ಟ್ರಂಕು ಮುಗಿಯಬೇಕು. ಕೆಂಪು ಅದ್ದಿದ ಬ್ರಷ್ಷನ್ನು ಒಂದು ಸಲ ತಿರುಗಿಸಿದರೆ ಒಂದು ಎಸಳು, ಐದು ಸಲ ತಿರುಗಿಸಿದರೆ ಹೂವು. ಕಣ್ಣು ಮುಚ್ಚಿಕೊಂಡು ಬರೆಯಲಾರಳು ಅಂತ ಪಕ್ಕದವರು ಪಂದ್ಯ ಕಟ್ಟಿದಾಗ ಬರೆದು ತೋರಿಸಿ ಅವರ ದುಡ್ಡಲ್ಲಿ ಚಹಾ ಕುಡಿದಿದ್ದಳು. ಆದರೆ ಒಂದು ಎಲೆ ಹೆಚ್ಚಾದರೆ ಮೇಸ್ತ್ರಿ ಬಿಡುತ್ತಿರಲಿಲ್ಲ. "ಗಿರಾಕಿ ದುಡ್ಡು ಕೊಟ್ಟಿರೋದು ನಾಲ್ಕು ಎಲೆಗೆ. ಐದನೇದಕ್ಕೆ ನಿಮ್ಮಪ್ಪ ಕೊಡ್ತಾನಾ?" ಅನ್ನುತ್ತಿದ್ದ.

ಆಮೇಲೆ ಜನ ಗಾಲಿ ಇರುವ ಪ್ಲಾಸ್ಟಿಕ್ ಪೆಟ್ಟಿಗೆ ಎಳೆದುಕೊಂಡು ಓಡಾಡಲು ಶುರುಮಾಡಿದರು. ಕಾರ್ಖಾನೆ ಬಾಗಿಲು ಹಾಕಿತು. ಕೊನೆಯ ದಿನ ಯಜಮಾನ ತಲೆ ತಗ್ಗಿಸಿ, "ಏನು ಬೇಕೋ ತಗೊಂಡು ಹೋಗಿ" ಅಂದಾಗ ಮಿಕ್ಕವರು ಫ್ಯಾನು, ಕುರ್ಚಿ, ಗೋಡೆ ಗಡಿಯಾರ ಹೊತ್ತುಕೊಂಡರು. ಗುಲಾಬಕ್ಕ ಹನ್ನೊಂದು ಡಬ್ಬಿ ಎನಾಮಲ್ ಬಣ್ಣವನ್ನೂ ಒಂದು ಹಿಡಿ ಬ್ರಷ್ಷನ್ನೂ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದಳು.

ಮನೆ ಮೂರನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಉದ್ದನೆಯ ಒಂದು ಬಾಲ್ಕನಿ. ಇದ್ದವರು ಐದು ಜನ. ಗಂಡ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಈಗಲೂ ಯಾರಾದರೂ ಬಾಗಿಲು ತಟ್ಟಿದರೆ, ಟಿಕೆಟ್ಟಿಲ್ಲದೆ ಹತ್ತಿದವರನ್ನು ನೋಡುವಂತೆ ಮೇಲಿಂದ ಕೆಳಗೆ ನೋಡುತ್ತಿದ್ದ. ಮಗ ಲಿಫ್ಟ್ ರಿಪೇರಿ ಮಾಡುವವನು. ಸೊಸೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಎಂಟು ವರ್ಷದ ಮೊಮ್ಮಗಳಿಗೆ ಅವಳ ನಾಲಿಗೆಯ ದೆಸೆಯಿಂದ ಎಲ್ಲರೂ 'ಮೆಣಸು' ಅಂತಲೇ ಹೆಸರಿಟ್ಟಿದ್ದರು.

ಕೆಲಸ ಹೋದ ಮೊದಲ ವಾರ ಗುಲಾಬಕ್ಕನಿಗೆ ಕೈ ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಹಿಟ್ಟಿನ ಡಬ್ಬಿಯನ್ನು ಬಾಲ್ಕನಿಗೆ ತಂದು ಕೂತಳು. ಬ್ರಷ್ಷು ಅದ್ದಿದ್ದೇ ತಡ, ಕೈ ತಾನಾಗಿಯೇ ತಿರುಗಿತು. ಎರಡು ಗುಲಾಬಿ, ಒಂದು ಮೊಗ್ಗು, ನಾಲ್ಕು ಎಲೆ.

"ಥೂ, ನಿನ್ನ ಮನೆ ಹಾಳಾಗ" ಅಂತ ತನ್ನ ಕೈಯನ್ನೇ ಬೈದಳು.

ಮೆಣಸು ಬಗ್ಗಿ ನೋಡಿದಳು. "ಅಜ್ಜಿ, ಇದಕ್ಕೆ ಬಾಯಿ ಎಲ್ಲಿ?"

"ಹೂವಿಗೆ ಎಲ್ಲಿಯ ಬಾಯೇ?"

"ಮತ್ತೆ ಹಸಿವಾದ್ರೆ?"

ಅದೂ ಸರಿಯೇ ಅನ್ನಿಸಿತು ಗುಲಾಬಕ್ಕನಿಗೆ. ಕಪ್ಪು ಬಣ್ಣದಲ್ಲಿ ಒಂದು ಬಾಯಿ ಎಳೆದಳು. ಬಾಯಿ ಬಂದಮೇಲೆ ಹಲ್ಲು ಬೇಕಾಯಿತು. ಹಲ್ಲು ಬಂದಮೇಲೆ ಸುಮ್ಮನೆ ಕೂರುವುದು ಹೇಗೆ, ಓಡಿಹೋಗಿ ಹಿಡಿಯಬೇಕಲ್ಲ, ಕಾಲು ಬೇಕು. ಐದನೆಯ ಎಲೆ ಬರೆದು ಅದಕ್ಕೆ ಉಗುರು ಇಟ್ಟಳು. ಬೈಯಲು ಮೇಸ್ತ್ರಿ ಇರಲಿಲ್ಲ. ಅಜ್ಜಿ, ಮೊಮ್ಮಗಳು ಇಬ್ಬರೂ ಬಿದ್ದುಬಿದ್ದು ನಕ್ಕರು.

ಅಲ್ಲಿಂದ ಕೈಗೆ ಕಡಿವಾಣ ಬೀಳಲಿಲ್ಲ. ಸಕ್ಕರೆ ಡಬ್ಬಿಯ ಮೇಲೆ ಎಲೆಗಳನ್ನೇ ರೆಕ್ಕೆ ಮಾಡಿಕೊಂಡ ಮೀನು ಬಂತು. ಸ್ಟೂಲಿನ ನಾಲ್ಕು ಕಾಲಿಗೂ ಸಾಕ್ಸು ಹಾಕಿಕೊಂಡ ಬಳ್ಳಿ ಹಬ್ಬಿತು. ಬಕೆಟ್ಟಿನ ಹೊಟ್ಟೆಯ ಮೇಲೆ, ಬಟಾಣಿ ಸಿಪ್ಪೆಯೊಳಗಿಂದ ಮರಿಗಳನ್ನು ಉದುರಿಸುತ್ತಿರುವ ಹಕ್ಕಿ. ಸೊಸೆಯ ಊಟದ ಡಬ್ಬಿಯ ಮುಚ್ಚಳಕ್ಕೆ ಬೆನ್ನಿನಲ್ಲಿ ಬೀಗದ ತೂತಿರುವ ಬಸವನಹುಳು. ಲ್ಯಾಬಿನಲ್ಲಿ ಎಲ್ಲರೂ ಅದನ್ನು ಕೇಳಿ ತೆಗೆದುಕೊಂಡು ನೋಡಿದರು ಅಂತ ಸೊಸೆಯೇ ಬಂದು ಹೇಳಿದಳು.

ಗಂಡ ಮಾತ್ರ ಎಲ್ಲದಕ್ಕೂ ತನಿಖೆ ಇಡುತ್ತಿದ್ದ. "ಇದೇನು, ನಾಯಿಯೋ ಕುಂಬಳಕಾಯಿಯೋ?"

"ಎರಡೂ ಅಲ್ಲ."

"ಗುರುತಿನ ಚೀಟಿ ಇಲ್ಲದವರನ್ನೆಲ್ಲ ಮನೆಗೆ ಸೇರಿಸ್ತಿದ್ದೀಯ. ನೋಡು, ಮುಂದೆ ಕಷ್ಟ ಆಗುತ್ತೆ."

ಅವನು ತಮಾಷೆಗೆ ಅಂದದ್ದು. ಆದರೆ ಕಷ್ಟ ನಿಜವಾಗಿಯೂ ಬಂತು, ಅದೂ ಬೀರುವಿನ ರೂಪದಲ್ಲಿ.

ಬೀರು ಸೊಸೆಯದು. ಒಂದು ವರ್ಷಕ್ಕೂ ಮೇಲೆ ರಜೆ ದಿನಗಳಲ್ಲೂ ದುಡಿದು ಕೂಡಿಹಾಕಿ ತಂದದ್ದು. ಎರಡು ಬಾಗಿಲಿನ ಕಬ್ಬಿಣದ ಬೀರು, ಅಪ್ಪಟ ಬಿಳಿ. ಒಂದು ಗೆರೆ ಇಲ್ಲ, ಒಂದು ಹೂವಿಲ್ಲ. ಅಂಗಡಿಯವನು ಕನ್ನಡಿ ಇರುವುದು, ಚಿನ್ನದ ಬಣ್ಣದ ಹಿಡಿ ಇರುವುದು ಎಲ್ಲ ತೋರಿಸಿದರೂ ಅವಳು ಇದನ್ನೇ ಹಟಹಿಡಿದು ತಂದಿದ್ದಳು. ಸಂಜೆ ಕೆಲಸದಿಂದ ಬಂದವಳೇ ಅದರ ಎದುರಿಗೆ ಮಂಚದ ಮೇಲೆ ಐದು ನಿಮಿಷ ಕೂರುತ್ತಿದ್ದಳು. ಮೆಣಸು ಒಂದು ಸ್ಟಿಕ್ಕರ್ ಅಂಟಿಸಲು ಹೋಗಿ ಬೈಸಿಕೊಂಡಿದ್ದಳು.

ಹೊಸ ಯಂತ್ರದ ತರಬೇತಿ ಅಂತ ಸೊಸೆ ನಾಲ್ಕು ದಿನ ಬೇರೆ ಊರಿಗೆ ಹೋದಳು. ಗುಲಾಬಕ್ಕ ಕೋಣೆ ಗುಡಿಸುತ್ತ ಬೀರುವಿನ ಎದುರು ನಿಂತಳು. ಆರಡಿ ಎತ್ತರ, ಎರಡು ಬಾಗಿಲು. ಮೂವತ್ತೊಂದು ವರ್ಷ ಒಂದೂವರೆ ಅಡಿ ಮುಚ್ಚಳದಲ್ಲಿ ಮುದುರಿಕೊಂಡಿದ್ದ ಕೈ ಅದು. ಪೊರಕೆ ಮೂಲೆಗೆ ಹೋಯಿತು, ಡಬ್ಬಿಗಳು ಬಾಲ್ಕನಿಯಿಂದ ಒಳಗೆ ಬಂದವು.

"ಅಮ್ಮ, ಅವಳನ್ನ ಒಂದು ಮಾತು ಕೇಳು" ಅಂದ ಮಗ.

"ಕೇಳಿ ಕೊಟ್ರೆ ಅದು ಉಡುಗೊರೆ ಹೇಗಾಗುತ್ತೋ?"

"ಫೋನ್ ಮಾಡ್ಲಾ?"

"ಮಾಡಿದ್ರೆ ನೋಡು!"

ಮಗ ಕೆಲಸಕ್ಕೆ ಹೊರಟ. ಮೂರು ದಿನ ಮನೆಯಲ್ಲಿ ಬರೀ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಬೀರುವಿನ ಕೆಳಗಿನಿಂದ ಒಂದು ಮರ ಎದ್ದು ಎರಡೂ ಬಾಗಿಲಿಗೆ ಹರಡಿತು. ಅದರ ಕೊಂಬೆಗಳ ತುದಿಯೆಲ್ಲ ಚಹಾ ಕೆಟಲಿನ ಮೂತಿ, ಒಂದೊಂದು ಮೂತಿಯಿಂದಲೂ ನೀಲಿ ಹೂವು ಸುರಿಯುತ್ತಿತ್ತು. ಬುಡದಲ್ಲಿ ಏಳು ಕಾಲಿನ ಒಂದು ಪ್ರಾಣಿ. ಅದಕ್ಕೆ ಹುಲ್ಲಿನ ಕೂದಲು, ಕುಂಬಳಕಾಯಿಯ ಹೊಟ್ಟೆ, ಆಗಷ್ಟೇ ನಿದ್ದೆಯಿಂದೆದ್ದ ಕಣ್ಣು. ಮೀನುಗಳು ಏಣಿ ಹಾಕಿಕೊಂಡು ಮರ ಹತ್ತುತ್ತಿದ್ದವು. ಗುಲಾಬಕ್ಕ ಜನ್ಮದಲ್ಲಿ ಇಷ್ಟು ಚೆನ್ನಾಗಿ ಏನನ್ನೂ ಬರೆದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಸೊಸೆ ಬಂದಳು. ಚೀಲ ಕೆಳಗಿಡಲಿಲ್ಲ. ಬಾಗಿಲಲ್ಲೇ ನಿಂತು ನೋಡಿದಳು.

"ಇದೇನಿದು?"

"ನಿನಗೇ" ಅಂದಳು ಗುಲಾಬಕ್ಕ, ನಗುನಗುತ್ತ.

"ನಾನು ಕೇಳಿದ್ನಾ?"

ಮೆಣಸು ಅಜ್ಜನ ಬೆನ್ನ ಹಿಂದೆ ಸರಿದಳು.

"ಕೇಳೋದೇನು, ಮನೆಯೋಳು ಅಂತ ಬರೆದೆ. ಮೂರು ದಿನ ಬೆನ್ನು ನೆಟ್ಟಗೆ ಮಾಡಿಲ್ಲ ನಾನು."

"ಈ ಮನೇಲಿ ನನ್ನದು ಅಂತ ಇದ್ದದ್ದು ಇದೊಂದೇ, ಅತ್ತೆ. ಡಬ್ಬಿ ಮೇಲೆ ಬರೆದ್ರಿ, ಬಕೆಟ್ ಮೇಲೆ ಬರೆದ್ರಿ, ನಾನು ಒಂದು ಮಾತಾಡ್ಲಿಲ್ಲ. ಕಾರ್ಖಾನೆ ಮುಚ್ಚಿತು ಅಂತ ಮನೇನೇ ಕಾರ್ಖಾನೆ ಮಾಡಿಬಿಟ್ರಲ್ಲ!"

ಆ ಮಾತು ನೇರವಾಗಿ ಹೋಗಿ ನಾಟಿತು. ಗುಲಾಬಕ್ಕನ ಬಾಯಿ ಸುಮ್ಮನಿರಲಿಲ್ಲ.

"ಬಣ್ಣ ಕಂಡ್ರೆ ಆಗದೇ ಇರೋರು ಆಸ್ಪತ್ರೇಲಿ ಹೋಗಿ ಮಲಗಬೇಕು. ಅಲ್ಲಿ ಎಲ್ಲ ಬೆಳ್ಳಗಿರುತ್ತೆ."

"ದಿನಾ ಅಲ್ಲಿಂದಾನೇ ಬರ್ತಿದ್ದೀನಿ ನಾನು!"

ಸೊಸೆ ಮಂಚದ ಮೇಲಿನ ಹೊದಿಕೆ ಎಳೆದು ಬೀರುವಿನ ಮೇಲೆ ಇಳಿಬಿಟ್ಟಳು. ಆವತ್ತಿನಿಂದ ಅದು ಹೊದ್ದುಕೊಂಡು ನಿಂತೇ ನಿದ್ದೆ ಮಾಡುವ ನೆಂಟನ ಹಾಗೆ ಕೋಣೆಯಲ್ಲಿ ನಿಂತಿತು. ಬಟ್ಟೆ ತೆಗೆಯಬೇಕಾದರೆ ಹೊದಿಕೆಯೊಳಗೆ ಕೈ ತೂರಿಸಿ ತಡಕಾಡಬೇಕಿತ್ತು. ಮಗ ಒಂದು ದಿನ ಅಪ್ಪನ ಶರ್ಟು ಹಾಕಿಕೊಂಡು ಕೆಲಸಕ್ಕೆ ಹೋದ.

"ನಾಳೆಯಿಂದ ನನ್ನ ಅಡುಗೆ ನಾನು ಮಾಡ್ಕೋತೀನಿ" ಅಂದಳು ಸೊಸೆ.

"ಧಾರಾಳವಾಗಿ" ಅಂದಳು ಗುಲಾಬಕ್ಕ.

ಒಲೆಗೆ ಎರಡೇ ಉರಿ. ಎಡಗಡೆಯದು ಅತ್ತೆಗೆ, ಬಲಗಡೆಯದು ಸೊಸೆಗೆ ಅಂತಾಯಿತು. ಎಡಗಡೆ ಆಲೂಗಡ್ಡೆ ಪಲ್ಯ ಬೇಯುತ್ತಿದ್ದರೆ ಬಲಗಡೆಯೂ ಆಲೂಗಡ್ಡೆ ಪಲ್ಯವೇ, ಯಾಕೆಂದರೆ ಬುಟ್ಟಿಯಲ್ಲಿ ಇದ್ದದ್ದು ಅದೊಂದೇ. ಮಗನಿಗೆ ಪೇಚಾಟ. ಅಮ್ಮ ಬಡಿಸಿದ್ದು ಬಿಟ್ಟರೆ ಹೆಂಡತಿ ಮುಂದೆ ಸೋತ ಮಗ, ಹೆಂಡತಿ ಬಡಿಸಿದ್ದು ಬಿಟ್ಟರೆ ಅಮ್ಮನ ಮುಂದೆ ಮಾತಾಡದ ಗಂಡ. ಎರಡೂ ಕಡೆ ಪೂರ್ತಿ ಉಂಡ. ಮೇಲೂ ಹೋಗದೆ ಕೆಳಗೂ ಇಳಿಯದೆ ನಡುವೆ ಸಿಕ್ಕಿಹಾಕಿಕೊಂಡವರನ್ನು ಬಿಡಿಸುವುದು ಅವನ ಕಸುಬು. ಈಗ ತಾನೇ ಸಿಕ್ಕಿಹಾಕಿಕೊಂಡಿದ್ದ, ಬಿಡಿಸುವವರು ಯಾರೂ ಇರಲಿಲ್ಲ. ಎರಡನೇ ವಾರ ಒಂದು ಕಟ್ಟಡದಲ್ಲಿ ಬಗ್ಗಿ ಕೆಲಸ ಮಾಡುವಾಗ ಪ್ಯಾಂಟಿನ ಗುಂಡಿ ಕಿತ್ತು ಆರು ಮಹಡಿ ಕೆಳಗೆ ಹೋಗಿ ಬಿತ್ತು.

ಗಂಡನಿಗೆ ಮಾತ್ರ ಸುಗ್ಗಿ. "ಜಗಳ ಇನ್ನೊಂದು ತಿಂಗಳು ನಡೀಲಿ. ಆ ಕಡೆ ಉಪ್ಪು ಸರಿಯಾಗಿದೆ, ಈ ಕಡೆ ಖಾರ ಸರಿಯಾಗಿದೆ. ಎರಡನ್ನೂ ಕಲಸಿಕೊಂಡ್ರೆ ಹೋಟೆಲ್ ಊಟ."

"ಬಾಯಿ ಮುಚ್ಚಿಕೊಂಡು ತಿನ್ರಿ" ಅಂದಳು ಗುಲಾಬಕ್ಕ.

ಅತ್ತೆ ಸೊಸೆಯ ನಡುವಿನ ಮಾತುಕತೆಯೆಲ್ಲ ಮೆಣಸಿನ ಮೂಲಕ ನಡೆಯುತ್ತಿತ್ತು. ಅವಳು ಒಂದನ್ನೂ ಇದ್ದಂತೆ ತಲುಪಿಸುತ್ತಿರಲಿಲ್ಲ. "ಅಜ್ಜಿ, ಅಮ್ಮ ಸಕ್ಕರೆ ಕೇಳಿದ್ಲು. ಕೊಡದೇ ಇದ್ರೂ ಪರವಾಗಿಲ್ಲವಂತೆ, ಆದ್ರೆ ಕೊಟ್ರೆ ಒಳ್ಳೇದಂತೆ."

"ಹಾಗಂದಳಾ?"

"ಮೊದಲನೇದು ಮಾತ್ರ ಅಂದಿದ್ದು."

ಬ್ರಷ್ಷುಗಳು ಬಾಲ್ಕನಿಯ ಡಬ್ಬಿಯಲ್ಲಿ ಒಣಗಿ ಪೊರಕೆ ಕಡ್ಡಿಯ ಹಾಗೆ ಗಟ್ಟಿಯಾದವು. ಗುಲಾಬಕ್ಕ ಅವುಗಳ ಕಡೆ ತಿರುಗಿ ನೋಡಲಿಲ್ಲ. ದಿನಕ್ಕೆ ಮೂರು ಸಲ ನೆಲ ಒರೆಸಿದಳು. ಮೆಣಸು ಕಾಗದ ತಂದು ಏನಾದರೂ ಬರೆದುಕೊಡು ಅಂದರೆ, "ಗುಲಾಬಿ ಬೇಕಾದ್ರೆ ಬರೀತೀನಿ" ಅನ್ನುತ್ತಿದ್ದಳು.

ಮೂರನೇ ವಾರದ ಒಂದು ಬೆಳಿಗ್ಗೆ ಸೊಸೆ ಗಡಿಬಿಡಿಯಲ್ಲಿ ಹೋದಮೇಲೆ ನೋಡಿದರೆ ಮುಖ ತೊಳೆಯುವ ತೊಟ್ಟಿಯ ಪಕ್ಕದಲ್ಲಿ ಅವಳ ಕನ್ನಡಕ ಇತ್ತು.

"ಕಣ್ಣಿಲ್ಲದೆ ಅಲ್ಲಿ ಯಾರ ರಕ್ತದಲ್ಲಿ ಏನು ನೋಡ್ತಾಳೋ" ಅಂದ ಗಂಡ. "ಹೋಗಿ ಕೊಟ್ಟು ಬಾ."

"ನೀವು ಹೋಗಿ."

"ನನ್ನ ಮಂಡಿ ಮೆಟ್ಟಿಲು ಇಳಿಯುತ್ತೆ, ಹತ್ತಲ್ಲ. ಹೋದ್ರೆ ಕೆಳಗೇ ಉಳೀಬೇಕಾಗುತ್ತೆ."

ಗುಲಾಬಕ್ಕ ಗೊಣಗುತ್ತಲೇ ಕನ್ನಡಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ಸೊಸೆ ಆರು ವರ್ಷದಿಂದ ದುಡಿಯುತ್ತಿದ್ದ ಜಾಗವನ್ನು ಅವಳು ನೋಡಿದ್ದು ಅದೇ ಮೊದಲು. ಓಣಿಯಂಥ ಜಾಗದಲ್ಲಿ ಸಾಲಾಗಿ ಕುರ್ಚಿಗಳು, ತೋಳು ಮಡಚಿ ಕೂತ ಜನ. ಪರದೆಯ ಆಚೆ ಒಂದು ಮಗು ಕಟ್ಟಡ ಬೀಳುವ ಹಾಗೆ ಕಿರುಚುತ್ತಿತ್ತು. ವಿಚಾರಿಸಿದ್ದಕ್ಕೆ ಒಬ್ಬಳು ವಯಸ್ಸಾದ ಕೆಲಸಗಾತಿ ಒಳಗೆ ಕರೆದುಕೊಂಡು ಹೋದಳು.

ಸೊಸೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಒತ್ತಿ ಕೂತಿದ್ದಳು. ಎಡಗೈಯ ಬೆರಳು ಎಣಿಕೆಯ ಪುಟ್ಟ ಪೆಟ್ಟಿಗೆಯ ಮೇಲೆ ಒಂದು ಗುಂಡಿಯಿಂದ ಇನ್ನೊಂದಕ್ಕೆ ಹಾರುತ್ತ ಟಿಕ್, ಟಿಕ್, ಟಿಕ್ ಅನ್ನುತ್ತಿತ್ತು. ಹೆಜ್ಜೆಯ ಸದ್ದು ಕೇಳಿ, ತಲೆ ಎತ್ತದೆಯೇ ಬಲಗೈ ಮೇಲೆತ್ತಿ ತಡೆದಳು.

"ಈಗ ಮಾತಾಡಬಾರದು, ಲೆಕ್ಕ ತಪ್ಪುತ್ತೆ" ಅಂತ ಕೆಲಸಗಾತಿ ಪಿಸುಗುಟ್ಟಿದಳು. "ಯಂತ್ರ ಕೆಟ್ಟು ವಾರವಾಯ್ತು. ಒಂದೊಂದು ಗಾಜಿನಲ್ಲೂ ರಕ್ತದ ಕಣ ನೂರು ಎಣಿಸಬೇಕು. ಬೆಳಿಗ್ಗೆಯಿಂದ ಇದು ಹದಿನೇಳನೇದು."

ಗುಲಾಬಕ್ಕ ಕನ್ನಡಕ ಹಿಡಿದುಕೊಂಡು ನಿಂತಳು. ಸೊಸೆಯ ಕುತ್ತಿಗೆ ಬಗ್ಗಿದ ರೀತಿ, ಒಂದು ಭುಜ ಮೇಲೆ ಒಂದು ಭುಜ ಕೆಳಗೆ ಆದದ್ದು, ಬೆರಳು ಮಾತ್ರ ಆಡುತ್ತ ಮಿಕ್ಕ ಮೈ ಕಲ್ಲಾದದ್ದು, ಇದನ್ನೆಲ್ಲ ಅವಳು ಎಲ್ಲಿಯೋ ನೋಡಿದ್ದಳು. ಟ್ರಂಕಿನ ಸಾಲಿನಲ್ಲಿ ಅಕ್ಕಪಕ್ಕ ಕೂತವರೆಲ್ಲ ಹೀಗೆಯೇ ಕೂರುತ್ತಿದ್ದರು.

ಎಣಿಕೆ ಮುಗಿದು ಸೊಸೆ ತಲೆ ಎತ್ತಿದಳು. "ಅತ್ತೆ! ನೀವಾ?"

"ಕಣ್ಣು ಮನೇಲೇ ಬಿಟ್ಟು ಬಂದಿದ್ದೀಯ" ಅಂತ ಕನ್ನಡಕ ಕೊಟ್ಟಳು. ಕೊಟ್ಟಮೇಲೂ ಹೋಗದೆ ನಿಂತಳು. "ಅದರೊಳಗೆ ಏನು ಕಾಣುತ್ತೆ?"

ಸೊಸೆ ಕುರ್ಚಿಯಿಂದ ಎದ್ದಳು. "ನೋಡಿ."

ಗುಲಾಬಕ್ಕ ಬಗ್ಗಿದಳು. ಮೊದಲು ಏನೂ ಕಾಣಲಿಲ್ಲ. ಸೊಸೆ ಪಕ್ಕದ ಚಕ್ರವನ್ನು ಸ್ವಲ್ಪ ತಿರುಗಿಸಿದಳು. ತೆಳು ಗುಲಾಬಿ ಬಣ್ಣದ ಉರುಟು ಬಿಲ್ಲೆಗಳು ಒತ್ತೊತ್ತಾಗಿ ಬಿದ್ದಿದ್ದವು. ನಡುನಡುವೆ ನೇರಳೆ ಬಣ್ಣದವು. ಒಂದರ ಹೊಟ್ಟೆಯಲ್ಲಿ ಮೂರು ಉಂಡೆ, ಒಂದರಲ್ಲಿ ಕುದುರೆ ಲಾಳ, ಇನ್ನೊಂದರ ಮೈತುಂಬ ಕಿತ್ತಳೆ ಹರಳು.

"ಅಯ್ಯಯ್ಯೋ! ಇದನ್ನೆಲ್ಲ ಯಾರು ಬರೆದಿದ್ದು?"

ಮೂರು ವಾರದಲ್ಲಿ ಸೊಸೆ ಮೊದಲ ಸಲ ನಕ್ಕಳು. "ಯಾರೂ ಬರೆದಿಲ್ಲ. ನಮ್ಮೆಲ್ಲರ ಒಳಗೂ ಇರುತ್ತೆ. ಯಾವ್ಯಾವ ತರಹದ್ದು ಎಷ್ಟೆಷ್ಟು ಅಂತ ಎಣಿಸೋದು ನನ್ನ ಕೆಲಸ." ಆಮೇಲೆ ಕನ್ನಡಕ ಒರೆಸುತ್ತ, ಅತ್ತೆಯ ಕಡೆ ನೋಡದೆ ಅಂದಳು: "ಕಣ್ಣು ಮುಚ್ಚಿದ್ರೂ ಇವೇ ಓಡಾಡ್ತವೆ, ಅತ್ತೆ. ಬಸ್ಸಲ್ಲಿ ಕೂತ್ರೆ ಜನರ ಶರ್ಟಿನ ಚುಕ್ಕೆ ಎಣಿಸ್ತೀನಿ. ಮನೆಗೆ ಬಂದು ಆ ಬೀರು ಮುಂದೆ ಕೂತ್ರೆ ನಿಲ್ಲುತ್ತಿತ್ತು. ಅದರಲ್ಲಿ ಎಣಿಸೋಕೆ ಏನೂ ಇರಲಿಲ್ಲವಲ್ಲ, ಅದಕ್ಕೆ."

ಗುಲಾಬಕ್ಕ ಮತ್ತೊಮ್ಮೆ ಬಗ್ಗಿ ಗಾಜಿನೊಳಗೆ ನೋಡಿದಳು. "ನನಗೆ ಕನಸಲ್ಲೂ ಗುಲಾಬಿ ಬರ್ತಿತ್ತು" ಅಂದಳಷ್ಟೆ. "ಊಟದ ಡಬ್ಬಿಯಾದ್ರೂ ತಂದಿದ್ದೀಯಾ ಇಲ್ವಾ?" ಅಂತ ಕೇಳಿ ಹೊರಟಳು.

ಬಸ್ಸು ಇಳಿದವಳು ಮನೆಗೆ ಹೋಗಲಿಲ್ಲ. ಬಣ್ಣದ ಅಂಗಡಿಗೆ ಹೋಗಿ ಬಿಳಿ ಎನಾಮಲ್, ಉಪ್ಪುಕಾಗದ, ಎರಡು ಹೊಸ ಬ್ರಷ್ಷು ಕೊಂಡಳು. ಮನೆಗೆ ತಂದ ಹನ್ನೊಂದು ಡಬ್ಬಿಗಳಲ್ಲಿ ದೊಡ್ಡ ಬಾಗಿಲಿಗೆ ಆಗುವಷ್ಟು ಬಿಳಿ ಇರಲಿಲ್ಲ. ಮರುದಿನ ಬೆಳಿಗ್ಗೆ ಸೊಸೆ ಹೊರಟಮೇಲೆ ಹೊದಿಕೆ ಎಳೆದು ಹಾಕಿ ಉಪ್ಪುಕಾಗದದಿಂದ ಉಜ್ಜಲು ನಿಂತಳು.

ಶಾಲೆಗೆ ರಜೆ ಇದ್ದುದರಿಂದ ಮೆಣಸು ಮನೆಯಲ್ಲೇ ಇದ್ದಳು. "ಅಜ್ಜಿ! ಸಾಯಿಸ್ತಿದ್ದೀಯಾ ಅವನ್ನ?"

"ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ ನಿನಗೆ? ಹಿಡಿ ಈ ಬಟ್ಟೆ, ಧೂಳು ಒರೆಸು."

ಬಿಳಿ ಬಳಿಯುವುದರಲ್ಲಿ ಏನಿದೆ ಅಂದುಕೊಂಡಿದ್ದಳು ಗುಲಾಬಕ್ಕ. ಕಾರ್ಖಾನೆಯಲ್ಲಿ ಟ್ರಂಕಿಗೆ ಮೊದಲ ಬಣ್ಣ ಹೊಡೆಯುವವರು ಬೇರೆ, ಅವರ ಶೆಡ್ಡು ಬೇರೆ. ಅವಳ ಕೈಗೆ ಬರುವಷ್ಟರಲ್ಲಿ ತಗಡು ಕನ್ನಡಿಯಂತೆ ಹೊಳೆಯುತ್ತಿತ್ತು. ಎಸಳು, ಎಲೆ, ಬಾಲ, ಮೀಸೆ ಎಲ್ಲ ಬರುತ್ತಿದ್ದ ಕೈಗೆ ಬರೀ ಬಯಲು ಬರಲಿಲ್ಲ. ಬ್ರಷ್ಷಿನ ಗೆರೆಗಳು ಎದ್ದು ಕಂಡವು. ಬಣ್ಣ ಮೇಣದ ಬತ್ತಿಯಂತೆ ಇಳಿದು ಹೆಪ್ಪುಗಟ್ಟಿತು. ಒರೆಸಿ ಮತ್ತೆ ಬಳಿದರೆ ಕೆಂಪು ಬಣ್ಣ ಕೆಳಗಿನಿಂದ ನಸುಗುಲಾಬಿಯಾಗಿ ಇಣುಕಿತು. ಮರವೆಲ್ಲ ಮಂಜಿನಲ್ಲಿ ಮುಳುಗಿದಂತಾಯಿತು.

ಗಂಡ ಬಾಗಿಲಲ್ಲಿ ನಿಂತು ತಪಾಸಣೆ ಮಾಡಿದ. "ನಿನ್ನ ಕಾಡಿಗೆ ಚಳಿಗಾಲ ಬಂತಲ್ಲೇ."

"ಸುಮ್ಮನೆ ನಿಲ್ಲೋ ಬದಲು ಕಿಟಕಿ ತೆಗೀರಿ, ವಾಸನೆ ಹೋಗಲಿ."

ಒಂದು ದಿನ ಒಣಗಲು ಬಿಟ್ಟಳು. ಆ ಸಂಜೆ ಸೊಸೆ ಬರುವ ಮೊದಲೇ ಹೊದಿಕೆಯನ್ನು ಕಡ್ಡಿ ಕೊಟ್ಟು ಅಂಟದಂತೆ ಇಳಿಬಿಟ್ಟು, ಕಿಟಕಿಯ ಚೌಕಟ್ಟಿಗೆ ಬಣ್ಣ ಹೊಡೆದೆ ಅಂತ ಸುಳ್ಳು ಹೇಳಿದಳು. ಮೆಣಸಿಗೆ ಬಾಯಿ ಬಿಡದಿರಲು ಎರಡು ಚಾಕಲೇಟು ಬೇಕಾಯಿತು. ಮಾರನೇ ದಿನ ಎರಡನೇ ಕೋಟು. ಎಲ್ಲ ಮುಳುಗಿದರೂ ಏಳು ಕಾಲಿನ ಪ್ರಾಣಿಯ ಕಪ್ಪು ಕಣ್ಣು ಮಾತ್ರ ಮುಳುಗಲಿಲ್ಲ. ಬಿಳಿಯ ನಡುವಿನಿಂದ ಅದು ಗುಲಾಬಕ್ಕನನ್ನೇ ನೋಡುತ್ತಿತ್ತು.

"ಮುಚ್ಕೊಳೋ ಮಾರಾಯ" ಅಂತ ಅದಕ್ಕೆ ಹೇಳುತ್ತ ಸ್ಟೂಲಿನ ಮೇಲೆ ನಿಂತಿದ್ದಾಗ ಸೊಸೆ ಬಂದುಬಿಟ್ಟಳು. ಯಂತ್ರ ರಿಪೇರಿಯಾಗಿದ್ದರಿಂದ ಎರಡು ಗಂಟೆ ಮೊದಲೇ ಬಿಟ್ಟಿದ್ದರು.

ಅತ್ತೆಯ ಮೂಗು, ಹುಬ್ಬು, ಮೊಣಕೈ ಎಲ್ಲ ಬಿಳಿ. ನೆಲದ ಮೇಲೆ ಹಾಸಿದ ಹಳೇ ಪೇಪರೂ ಬಿಳಿ. ಬೀರು ಮಾತ್ರ ಪೂರ್ತಿ ಬಿಳಿಯಲ್ಲ.

"ಅತ್ತೆ, ಏನು ಮಾಡ್ತಿದ್ದೀರ?"

"ನಿನ್ನ ಬೀರು ನಿನಗೆ ವಾಪಸ್ಸು ಕೊಡ್ತಿದ್ದೀನಿ." ಗುಲಾಬಕ್ಕ ಸ್ಟೂಲಿನಿಂದ ಇಳಿಯಲಿಲ್ಲ. "ಆದ್ರೆ ಬಿಳಿ ನನಗೆ ಬರಲ್ಲ ಕಣೇ. ಏನು ಮಾಡಿದ್ರೂ ಅದೊಂದು ನೋಡ್ತಾನೇ ಇದೆ."

ಸೊಸೆ ಹತ್ತಿರ ಬಂದು ಬೀರುವಿನ ಮೇಲೆ ಹೆಪ್ಪುಗಟ್ಟಿದ ಹನಿಗಳನ್ನು ಬೆರಳಿನಿಂದ ಮುಟ್ಟಿದಳು. ಆ ಕಣ್ಣನ್ನು ನೋಡಿದಳು. ಮೂಗಿನ ಮೇಲೆ ಬಣ್ಣ ಅಂಟಿಕೊಂಡು ನಿಂತ ಅತ್ತೆಯನ್ನು ನೋಡಿದಳು. ತುಟಿ ಕಚ್ಚಿ ತಡೆಯಲು ಹೋದಳು, ಆಗಲಿಲ್ಲ. ನಗು ಬಂದರೆ ಅವಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಮಂಚದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗುಲಾಬಕ್ಕನಿಗೆ ಮೊದಲು ಸಿಟ್ಟು ಬಂತು, ಆಮೇಲೆ ತಾನೂ ನಕ್ಕಳು.

"ಇಳೀರಿ, ಬೀಳ್ತೀರ. ಇನ್ನೊಂದು ಬ್ರಷ್ ಎಲ್ಲಿ?"

ಸೊಸೆ ಹಳೇ ಬಟ್ಟೆ ಹಾಕಿಕೊಂಡು ಬಂದಳು. ಹನಿಗಟ್ಟಿದ ಕಡೆಯೆಲ್ಲ ಉಜ್ಜಿ, ಒರೆಸಿ, ಎಡ ಬಾಗಿಲಿಗೆ ಸೊಸೆ, ಬಲ ಬಾಗಿಲಿಗೆ ಅತ್ತೆ ಅಂತ ನಿಂತರು. ಸೊಸೆಯ ಕೈ ನಿಧಾನ. ಒಂದೇ ದಿಕ್ಕಿಗೆ, ಒಂದೇ ಭಾರದಲ್ಲಿ, ಎತ್ತದೆ ಎಳೆಯುತ್ತಿದ್ದಳು.

"ನಿನಗೆ ಬರುತ್ತಲ್ಲೇ!" ಅಂದಳು ಗುಲಾಬಕ್ಕ, ಹೊಟ್ಟೆಕಿಚ್ಚಿನಿಂದ.

"ಗಾಜಿನ ಮೇಲೆ ಒಂದು ಹನಿ ರಕ್ತ ಹೀಗೇ ಎಳೀಬೇಕು. ನಡುವೆ ನಿಲ್ಲಿಸಿದ್ರೆ ಕೆಟ್ಟುಹೋಗುತ್ತೆ."

ಗುಲಾಬಕ್ಕ ತನ್ನ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿಕೊಂಡಳು.

"ನಾನು ಕೇಳಬೇಕಿತ್ತು" ಅಂದಳು ಗುಲಾಬಕ್ಕ. "ಉಡುಗೊರೆ ಅಂದದ್ದೆಲ್ಲ ಸುಳ್ಳು. ಕೇಳಿದ್ರೆ ಬೇಡ ಅಂತೀಯ ಅಂತ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ."

"ಅದು ನನಗೂ ಗೊತ್ತಿತ್ತು." ಸೊಸೆ ಬಾಗಿಲಿನ ಅಂಚನ್ನು ಮುಗಿಸಿ ಅಂದಳು: "ಕಾರ್ಖಾನೆ ಮಾತು ನಾನು ಎತ್ತಬಾರದಿತ್ತು. ಆಡಿದ ಮೇಲೆ ನುಂಗೋಕೆ ಆಗಲಿಲ್ಲ."

"ಬಿಡು. ಆಸ್ಪತ್ರೇಲಿ ಮಲಗು ಅಂತ ನಾನೇನು ಕಡಿಮೆ ಅಂದಿದ್ನಾ?"

ಆ ರಾತ್ರಿ ಊಟಕ್ಕೆ ಒಂದೇ ಪಾತ್ರೆ ಅನ್ನ, ಒಂದೇ ಬಾಣಲೆ ಹುರುಳಿಕಾಯಿ ಪಲ್ಯ. ಮಗ ತಟ್ಟೆ ಖಾಲಿ ಮಾಡಿ, ಅಭ್ಯಾಸ ಬಲದಿಂದ ಎರಡನೇ ತಟ್ಟೆಗೆ ಕಾದು ಕೂತ.

"ಏನು ನೋಡ್ತಿದ್ದೀರ?" ಅಂದಳು ಹೆಂಡತಿ.

"ಇಷ್ಟೇನಾ?"

"ಇಷ್ಟೇ. ಎದ್ದು ಪಾತ್ರೆ ತೊಳೀರಿ. ಮೂರು ವಾರ ಡಬಲ್ ತಿಂದಿದ್ದೀರ."

ಬೀರು ಮತ್ತೆ ಬಿಳಿಯಾಯಿತು. ಹೊಸದರ ಹೊಳಪು ಬರಲಿಲ್ಲ, ಹತ್ತಿರ ಹೋದರೆ ಬಲ ಬಾಗಿಲಲ್ಲಿ ಗೆರೆ ಕಾಣುತ್ತಿತ್ತು. ಸೊಸೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮತ್ತೆ ಸಂಜೆ ಅದರ ಎದುರು ಐದು ನಿಮಿಷ ಕೂರತೊಡಗಿದಳು. ಆ ಐದು ನಿಮಿಷ ಯಾರೂ ಕೋಣೆಗೆ ಹೋಗದಂತೆ ಗುಲಾಬಕ್ಕ ಬಾಗಿಲಲ್ಲಿ ಕಾವಲು ಕೂರುತ್ತಿದ್ದಳು.

ಹತ್ತು ದಿನ ಕಳೆದಿರಬಹುದು. ಬಟ್ಟೆ ಮಡಚುತ್ತ ಸೊಸೆ ಅಂದಳು: "ಅತ್ತೆ, ಒಂದು ಗೋಡೆ ಇದೆ. ನೀವು ಬರೀತೀರಾ?"

"ಎಲ್ಲಿ?"

"ರಕ್ತ ತೆಗೆಯೋ ಕೋಣೇಲಿ. ಮಕ್ಕಳು ಸೂಜಿ ನೋಡಿದ ಕೂಡಲೇ ಕಿರುಚ್ತಾರೆ. ಕೈ ಎಳ್ಕೋತಾರೆ, ಎರಡೆರಡು ಸಲ ಚುಚ್ಚಬೇಕಾಗುತ್ತೆ. ನನಗೂ ಅಳು ಬರುತ್ತೆ ಒಂದೊಂದು ಸಲ."

ಲ್ಯಾಬಿನ ಡಾಕ್ಟರು ಒಳ್ಳೆಯವರೇ, ಆದರೆ ಅವರ ತಲೆಯಲ್ಲಿ ಮೊಲ ಕೂತಿತ್ತು. "ಮೊಲ, ಆನೆ, ಚಿಟ್ಟೆ ಹೀಗೆ ಏನಾದ್ರೂ ಬರೀರಿ. ಮಕ್ಕಳಿಗೆ ಗೊತ್ತಿರೋದು ಇರಲಿ" ಅಂದರು.

"ಮೊಲ ಆದ್ರೆ ಅಂಗಡೀಲಿ ಸ್ಟಿಕ್ಕರ್ ಸಿಗುತ್ತೆ ಡಾಕ್ಟ್ರೇ, ತಂದು ಅಂಟಿಸಿ" ಅಂತ ಗುಲಾಬಕ್ಕ ಎದ್ದೇಬಿಟ್ಟಳು.

ಸೊಸೆ ಅತ್ತೆಯ ಕೈ ಹಿಡಿದು ಕೂರಿಸಿದಳು. "ಡಾಕ್ಟ್ರೇ, ಮೊಲ ಕಂಡ ಮಗು 'ಮೊಲ' ಅನ್ನುತ್ತೆ. ಅಲ್ಲಿಗೆ ಮುಗೀತು, ಒಂದು ಸೆಕೆಂಡು. ಮುಂದಿನ ಸೆಕೆಂಡಿಗೆ ಸೂಜಿ ನೋಡುತ್ತೆ. ನನಗೆ ಇಪ್ಪತ್ತು ಸೆಕೆಂಡು ಬೇಕು. ಇಪ್ಪತ್ತು ಸೆಕೆಂಡು ನೋಡಿದ್ರೂ ಏನು ಅಂತ ಗೊತ್ತಾಗದ ಪ್ರಾಣಿ ಬರೆಯೋರು ಇವರೊಬ್ಬರೇ."

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಅತ್ತೆಯನ್ನೂ ಸೊಸೆಯನ್ನೂ ನೋಡಿದರು. "ಒಂದು ಗೋಡೆ. ಒಂದು ಭಾನುವಾರ. ಹೆದರಿಸೋ ಹಾಗೆ ಇರಬಾರದು."

ಭಾನುವಾರ ಇಡೀ ಸಂಸಾರ ಹೊರಟಿತು. ಮಗ ಏಣಿ ಹೊತ್ತ, ಮೆಣಸು ಬ್ರಷ್ಷು ಹೊತ್ತಳು, ಗಂಡ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಯಾರನ್ನೂ ಒಳಗೆ ಬಿಡಲಿಲ್ಲ, ನೀರು ಕೊಡಲು ಬಂದ ಕಾವಲುಗಾರನನ್ನೂ. ಗುಲಾಬಕ್ಕ ಡಬ್ಬಿ ತೆರೆಯುವ ಮೊದಲು ಸೊಸೆಯ ಕಡೆ ತಿರುಗಿದಳು.

"ಹೇಳು. ಎಲ್ಲಿಂದ ಎಲ್ಲೀವರೆಗೆ?"

ಸೊಸೆ ರೋಗಿಯ ಕುರ್ಚಿಯಲ್ಲಿ, ಮಗುವಿನಷ್ಟು ಎತ್ತರಕ್ಕೆ ಕುಗ್ಗಿ ಕೂತು ತೋರಿಸಿದಳು. "ಇಲ್ಲಿಂದ ಅಲ್ಲೀವರೆಗೆ. ಈ ಕಡೆ ತಿರುಗಿ ನೋಡಿದ್ರೆ ಸೂಜಿ ಚುಚ್ಚೋ ಕೈ ಕಣ್ಣಿಗೆ ಬೀಳಲ್ಲ. ನಾನು ನಿಲ್ಲೋ ಕಡೆಯ ಗೋಡೆ ಮಾತ್ರ..."

"ಬಿಳಿ. ಗೊತ್ತು."

ಸಂಜೆಯವರೆಗೆ ಬರೆದಳು. ಪುಕ್ಕ ಬಿಟ್ಟ ಪೊದೆಗಳು, ಗಡಿಯಾರದಂಥ ಹೂವುಗಳು, ಅವುಗಳ ನಡುವೆ ಉದ್ದನೆಯ ಕುತ್ತಿಗೆಗೆ ಗಂಟು ಹಾಕಿಕೊಂಡ ಒಂದು ಪ್ರಾಣಿ. ಅದರ ಬಾಲ ಎಲ್ಲಿ ಮುಗಿಯಿತು, ಬಳ್ಳಿ ಎಲ್ಲಿ ಶುರುವಾಯಿತು ಅಂತ ಬರೆದವಳಿಗೂ ಹೇಳಲಾಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಸೊಸೆ ಬೇಡವೆಂದರೂ ಗುಲಾಬಕ್ಕ ಜೊತೆಗೆ ಹೋಗಿ ಕೋಣೆಯ ಮೂಲೆಯಲ್ಲಿ ನಿಂತಳು. ಮೊದಲು ಬಂದವನು ಐದು ವರ್ಷದ ಒಬ್ಬ ಹುಡುಗ. ಅಪ್ಪನ ಕುತ್ತಿಗೆಗೆ ಜೋತುಬಿದ್ದು ಓಣಿಯುದ್ದಕ್ಕೂ ಬೊಬ್ಬೆ ಹೊಡೆಯುತ್ತ ಬಂದ. ಕುರ್ಚಿಯಲ್ಲಿ ಕೂರಿಸಿದಾಗಲೂ ಬಾಯಿ ತೆರೆದೇ ಇತ್ತು. ಕಣ್ಣು ಗೋಡೆಗೆ ಬಿತ್ತು. ಬೊಬ್ಬೆ ಅರ್ಧಕ್ಕೆ ನಿಂತಿತು.

"ಇದು... ಇದೇನು?"

"ನಮಗೂ ಗೊತ್ತಿಲ್ಲ" ಅಂದಳು ಸೊಸೆ, ಅವನ ತೋಳಿಗೆ ಪಟ್ಟಿ ಬಿಗಿಯುತ್ತ. "ಏನು ತಿನ್ನುತ್ತೆ ಅಂತಾನೇ ತಿಳೀತಿಲ್ಲ. ನಿನಗೇನನ್ನಿಸುತ್ತೆ?"

ಹುಡುಗ ಹುಬ್ಬು ಗಂಟಿಕ್ಕಿದ. "ಹುಲ್ಲು?"

"ಹಲ್ಲು ಎಲ್ಲಿದೆ ಅದಕ್ಕೆ?" ಅಂದಳು ಗುಲಾಬಕ್ಕ ಮೂಲೆಯಿಂದ.

"ಹೌದು, ಹಲ್ಲಿಲ್ಲ. ಮತ್ತೆ ಹಾಲು? ಆದ್ರೆ ಕುತ್ತಿಗೆಗೆ ಗಂಟು ಹಾಕಿದ್ರೆ ಹಾಲು ಹೇಗೆ ಇಳಿಯುತ್ತೆ? ಅಲ್ಲೇ ನಿಂತ್ಕೊಳ್ಳುತ್ತೆ..." ತುಸು ಮುಖ ಸಿಂಡರಿಸಿ "ಸ್" ಅಂದ, ಆದರೆ ಕಣ್ಣು ಗೋಡೆಯಿಂದ ಕದಲಲಿಲ್ಲ. "ಗಂಟು ಬಿಚ್ಚಿಕೊಂಡು ಕುಡಿಯುತ್ತೆ! ಕುಡಿದು ಮತ್ತೆ ಕಟ್ಕೊಳ್ಳುತ್ತೆ!"

"ಆಯ್ತು" ಅಂದಳು ಸೊಸೆ.

"ಏನು ಆಯ್ತು?"

ಸೊಸೆ ಕೆಂಪು ತುಂಬಿದ ಸಣ್ಣ ಕೊಳವೆ ಎತ್ತಿ ತೋರಿಸಿದಳು. ಹುಡುಗ ತೋಳಿನ ಮೇಲಿನ ಹತ್ತಿಯನ್ನು ನೋಡಿದ. ಅಳಬೇಕು ಅಂತ ನೆನಪಾಗಿ ಬಾಯಿ ಸ್ವಲ್ಪ ತೆರೆದ. ಆದರೆ ಹೊರಗಿನವರಿಗೆ ಸುದ್ದಿ ಹೇಳುವ ಅವಸರ ಹೆಚ್ಚಾಗಿತ್ತು. ಕುರ್ಚಿಯಿಂದ ಜಿಗಿದು ಪರದೆ ಸರಿಸಿ ಓಣಿಗೆ ಓಡಿದ.

"ಒಳಗೆ ಒಂದು ಪ್ರಾಣಿ ಇದೆ! ಹಾಲು ಕುಡಿಯೋಕೆ ಕುತ್ತಿಗೆ ಬಿಚ್ಚುತ್ತೆ!"

"ಸುಳ್ಳು!" ಅಂತ ಒಂದು ಹುಡುಗಿಯ ದನಿ ಕೇಳಿತು. ಅದರ ಹಿಂದೆಯೇ ಅವಳ ತಾಯಿಯ ದನಿ: "ಏಯ್, ನಿಲ್ಲೇ, ನಮ್ಮ ನಂಬರ್ ಇನ್ನೂ ಬಂದಿಲ್ಲ!" ಹುಡುಗಿ ಅಷ್ಟರಲ್ಲಿ ಅಂಗಿಯ ತೋಳು ಮಡಚಿಕೊಂಡು ಒಳಗೆ ಬಂದು ಕುರ್ಚಿ ಹತ್ತಿ ಕೂತಾಗಿತ್ತು. ಗೋಡೆಯ ಕಡೆ ಕುತ್ತಿಗೆ ಚಾಚಿದಳು.

ಸೊಸೆ ಹೊಸ ಸೂಜಿಯ ಕಾಗದ ಹರಿಯುತ್ತ ಅಂದಳು: "ಅತ್ತೆ, ಸ್ವಲ್ಪ ಆ ಕಡೆ ಸರೀರಿ. ಮಗುವಿಗೆ ಕಾಣ್ತಿಲ್ಲ."